ಮುಖ ಕಾಣದ ರೋಗಿ

ನಮ್ಮ ಅತ್ತಿಗೆಯವರಿಗೆ ಎಂಬತ್ತು ಸಮೀಪಿಸಿದೆ. ಅವರ ಮೊಮ್ಮಗಳು ಪಿ.ಯು.ಸಿ. ಮುಗಿಸಿ, ತಾನು ಬಯೋಎಂಜಿನಿಯರಿಂಗ್ ಪದವಿಗೆ ಸೇರುವುದಾಗಿ ಮನೆಯಲ್ಲಿ ಪ್ರಕಟಿಸಿದ ದಿನ ಅವರು ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತಿದ್ದರು. ತಲೆಯೆತ್ತದೆಯೇ ಕೇಳಿದರು: "ಅದನ್ನು ಓದಿದರೆ ಏನಾಗುತ್ತೀಯೆ? ಡಾಕ್ಟರಾದರೆ ರೋಗಿಯನ್ನು ನೋಡುತ್ತಾರೆ. ಎಂಜಿನಿಯರಾದರೆ ಸೇತುವೆ ಕಟ್ಟುತ್ತಾರೆ. ನೀನು?"

"ತಾತನ ಕೈಗೆ ಸೂಜಿ ಹಾಕಿ ರಕ್ತ ಶುದ್ಧಿ ಮಾಡುತ್ತದಲ್ಲ ಅಜ್ಜಿ, ಆ ಮಿಷನ್ ಮಾಡುತ್ತೇನೆ" ಎಂದಳು ಹುಡುಗಿ.

"ಅಂದರೆ ನೀನು ಮಿಷನ್ ನೋಡುತ್ತೀಯ. ತಾತನನ್ನು ಯಾರು ನೋಡುವುದು?"

ಹುಡುಗಿ ನಕ್ಕುಬಿಟ್ಟಳು. ಮನೆಯವರೆಲ್ಲ ನಕ್ಕರು; ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನ ಜತೆಯಲ್ಲೇ ನಮ್ಮ ಮನೆಗೆ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ನಮ್ಮಣ್ಣನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಎರಡು ವರ್ಷವಾಯಿತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆಯ ಹೊತ್ತು, ಬೆಂಗಳೂರಿನ ಒಂದು ಡಯಾಲಿಸಿಸ್ ಘಟಕದಲ್ಲಿ ಅವನು ಯಂತ್ರಕ್ಕೆ ಕೈಯೊಪ್ಪಿಸಿ ಮಲಗುತ್ತಾನೆ. ಜತೆಗೆ ಹೋಗುವ ಸರದಿ ನನಗೂ ಬರುತ್ತದೆ. ಅವನ ಎಡ ಮುಂಗೈಯಲ್ಲಿ ಧಮನಿಗೆ ಅಭಿಧಮನಿಯನ್ನು ಕೂಡಿಸಿ ಹೊಲಿದಿದ್ದಾರೆ. ಆ ಜಾಗದ ಮೇಲೆ ಬೆರಳಿಟ್ಟರೆ ದುಂಬಿಯೊಂದು ಚರ್ಮದೊಳಗೆ ಸಿಕ್ಕಿಕೊಂಡಂತೆ ಗುಂಯ್‌ಗುಡುತ್ತದೆ. ಆದ್ದರಿಂದ ಈ ವಿಷಯದಲ್ಲಿ ನಾನು ತಟಸ್ಥನಲ್ಲವೆಂದು ವಾಚಕರಿಗೆ ಮೊದಲೇ ತಿಳಿಸಿಬಿಡುವುದು ನ್ಯಾಯ. ನಾನೆಂದೂ ಕಾಣದ ಕೆಲವು ಎಂಜಿನಿಯರುಗಳ ದೆಸೆಯಿಂದ ನನಗೆ ಇವತ್ತಿಗೂ ಒಬ್ಬ ಅಣ್ಣನಿದ್ದಾನೆ. ಅವರೂ ಅವನನ್ನು ಕಂಡವರಲ್ಲ.

ಹುಡುಗಿಯ ತಂದೆಯದು ಬೇರೆ ಚಿಂತೆ. ಈ ಪದವಿ ಪಡೆದವರಿಗೆ ಕೆಲಸವೆಲ್ಲಿ? ಹಲವರು ಕೊನೆಗೆ ಸಾಫ್ಟ್‌ವೇರ್ ಕಂಪೆನಿಯ ಮೇಜಿನ ಮುಂದೆಯೇ ಕೂರುತ್ತಾರಂತೆ. ಕೂರಬಹುದು. ಸಿವಿಲ್ ಓದಿದವರೂ ಮೆಕ್ಯಾನಿಕಲ್ ಓದಿದವರೂ ಅಲ್ಲಿಯೇ ಕೂತಿದ್ದಾರೆ. ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಅದಕ್ಕಿಂತ ಗಟ್ಟಿಯಾದ ಆಕ್ಷೇಪಣೆಯನ್ನು ಎತ್ತಿದವರು ನಮ್ಮ ಬಂಧುಗಳಲ್ಲೊಬ್ಬರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಗಣಿತ, ಯಂತ್ರಶಾಸ್ತ್ರ, ವಿದ್ಯುತ್ತು, ರಸಾಯನ, ಶರೀರಕ್ರಿಯೆ, ಜೀವಕೋಶ, ಕಂಪ್ಯೂಟರು, ಇಷ್ಟನ್ನೂ ನಾಲ್ಕು ವರ್ಷದಲ್ಲಿ ಒಂದೇ ಎಲೆಗೆ ಬಡಿಸಿದರೆ ಹುಡುಗರು ಎಲ್ಲದರ ರುಚಿ ನೋಡುತ್ತಾರೆ, ಯಾವುದರಿಂದಲೂ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ ಎಂಬುದು ಅವರ ವಾದ. ಮೊದಲು ಒಂದು ವಿದ್ಯೆಯನ್ನು ಬುಡಮುಟ್ಟ ಕಲಿಯಲಿ, ಆಮೇಲೆ ದೇಹದ ಕಡೆಗೆ ತಿರುಗಲಿ. ಈ ಶಾಸ್ತ್ರವನ್ನು ಕಟ್ಟಿದ ಹಿರಿಯರಾರೂ ಇದನ್ನು ಪದವಿಗೆ ಓದಿದವರಲ್ಲವಲ್ಲ ಎಂದು ಅವರು ಕೇಳುತ್ತಾರೆ.

ಮಾತು ನಿಜ. ಈ ಶಾಸ್ತ್ರದ ಪಿತಾಮಹರಲ್ಲೊಬ್ಬರೆಂದು ಹೆಸರಾದ ವೈ. ಸಿ. ಫಂಗ್ ವಿಮಾನದ ರೆಕ್ಕೆಗಳನ್ನು ಓದಿದವರು. ಚೀನಾದಲ್ಲಿ ೧೯೧೯ರಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಕ್ಯಾಲಿಫೋರ್ನಿಯಾದಲ್ಲಿ ಪ್ರಾಧ್ಯಾಪಕರಾದವರು. ಒಂದು ವರ್ಷದ ರಜೆಯ ಮೇಲೆ ಜರ್ಮನಿಯ ಗಟಿಂಗೆನ್ನಿನಲ್ಲಿದ್ದಾಗ, ಚೀನಾದಲ್ಲಿದ್ದ ಅವರ ತಾಯಿಗೆ ಗ್ಲಾಕೋಮವಾಗಿತ್ತು. ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯನ್ನು ನುಂಗುವ ಆ ಬೇನೆಯ ವಿಷಯವನ್ನು ಮಗ ಲೈಬ್ರರಿಯಲ್ಲಿ ಕುಳಿತು ಓದಿ, ತಾಯಿಯ ವೈದ್ಯರಿಗೆ ಅನುವಾದಿಸಿ ಕಳುಹಿಸುತ್ತಿದ್ದರು. ವಿಮಾನದ ಪಂಡಿತರು ದೇಹದ ಕಡೆ ತಿರುಗಿದ್ದು ಹಾಗೆ. ೧೯೬೬ರಲ್ಲಿ ಸ್ಯಾನ್ ಡಿಯಾಗೋಗೆ ಹೋಗಿ, ಬಯೋಎಂಜಿನಿಯರಿಂಗ್ ಕಲಿಸುವ ಮೊದಮೊದಲಿನ ವಿಭಾಗಗಳಲ್ಲೊಂದನ್ನು ಗೆಳೆಯರೊಡನೆ ಸ್ಥಾಪಿಸಿದರು.

ಅವರು ತೋರಿಸಿಕೊಟ್ಟದ್ದರಲ್ಲಿ ಒಂದು ಸಂಗತಿ ನನ್ನಂಥ ಸಾಮಾನ್ಯನಿಗೂ ಅರ್ಥವಾಗುವಂಥದು. ಧಮನಿಯಿಂದ ಬಳೆಯಂಥ ಒಂದು ಉಂಗುರವನ್ನು ಕೊಯ್ದು ತೆಗೆದರೆ, ಅದರೊಳಗೆ ರಕ್ತವೂ ಇಲ್ಲ, ಒತ್ತಡವೂ ಇಲ್ಲ. ಅದು ಸುಮ್ಮನೆ ವಿಶ್ರಾಂತವಾಗಿದೆಯೆಂದು ಯಾರಾದರೂ ಭಾವಿಸುತ್ತಾರೆ. ಆದರೆ ಆ ಉಂಗುರವನ್ನು ಒಂದು ಕಡೆ ಕತ್ತರಿಸಿ ನೋಡಿ. ಅದು ತಟ್ಟನೆ ಬಾಯಿ ತೆರೆದು ಕುದುರೆಯ ಲಾಳದಂತಾಗುತ್ತದೆ. ಅಂದರೆ ಖಾಲಿಯಿದ್ದಾಗಲೂ ಅದರ ಒಳಮೈ ಅಮುಕಿಕೊಂಡೂ ಹೊರಮೈ ಬಿಗಿದುಕೊಂಡೂ ಇದ್ದವು. ಏಕೆ? ರಕ್ತ ನುಗ್ಗಿ ಬಂದಾಗ ಭಾರವೆಲ್ಲ ಒಳಪದರಗಳ ಮೇಲೆಯೇ ಬೀಳದೆ, ಗೋಡೆಯ ಉದ್ದಗಲಕ್ಕೂ ಸಮವಾಗಿ ಹಂಚಿಹೋಗಲೆಂದು. ಬರುವ ಭಾರಕ್ಕೆ ಧಮನಿ ಮುಂಚಿತವಾಗಿಯೇ ಮೈಯೊಡ್ಡಿ ಬೆಳೆದಿರುತ್ತದೆ. ರಕ್ತದೊತ್ತಡ ಏರಿ ನಿಂತರೆ ತನ್ನ ಗೋಡೆಯನ್ನು ತಾನೇ ದಪ್ಪಗೊಳಿಸಿಕೊಳ್ಳುತ್ತದೆ. ಮೂಳೆಯೂ ಹಾಗೆಯೇ: ಮುರಿದಲ್ಲಿ ಹಾಕಿದ ಲೋಹದ ಪಟ್ಟಿ ಭಾರವನ್ನೆಲ್ಲ ತಾನೇ ಹೊತ್ತರೆ, ಕೆಲಸವಿಲ್ಲದ ಮೂಳೆ ಸವೆಯತೊಡಗುತ್ತದೆ. ಕಟ್ಟಡದ ಕಂಬಕ್ಕೆ ಪಕ್ಕದಲ್ಲಿ ಇನ್ನೊಂದು ಕಂಬ ಕೊಟ್ಟರೆ ಮೊದಲನೆಯದು ಸೊರಗುವುದಿಲ್ಲ, ಮೂಳೆ ಸೊರಗುತ್ತದೆ.

ಹದಿನೆಂಟು ವರ್ಷದ ಹುಡುಗಿಗೆ ಇದನ್ನು ಮೊದಲೇ ಕಲಿಸುವುದರಲ್ಲಿ ಅರ್ಥವಿದೆಯೆಂದು ನನಗೆ ತೋರುತ್ತದೆ. ನಿರ್ಜೀವ ವಸ್ತುವಿನ ಮೇಲೆ ನಾಲ್ಕು ವರ್ಷ ಲೆಕ್ಕ ಹಾಕಿ ಅಭ್ಯಾಸವಾದವನಿಗೆ, ತನ್ನ ಲೆಕ್ಕಕ್ಕೆ ಎದುರುತ್ತರ ಕೊಡುವ ವಸ್ತುವೂ ಉಂಟೆಂಬುದು ಮನಸ್ಸಿಗೆ ಹತ್ತುವಷ್ಟರಲ್ಲಿ ಕಾಲ ಮೀರಿರಬಹುದು. ಫಂಗ್ ಅವರಿಗೆ ಮೀರಲಿಲ್ಲ, ನಿಜ. ಎಲ್ಲರೂ ಫಂಗ್ ಆಗುವುದಿಲ್ಲವಷ್ಟೆ. ಹಾಗೆಂದು ನಮ್ಮ ಬಂಧುಗಳ ಆಕ್ಷೇಪಣೆಗೆ ಪೂರ್ಣ ಉತ್ತರ ಸಿಕ್ಕಿತೆಂದು ನಾನು ಹೇಳಲಾರೆ. ಎಲೆ ತುಂಬ ಬಡಿಸಿ ಊಟಕ್ಕೆ ಹೊತ್ತು ಕೊಡದ ಪಠ್ಯಕ್ರಮಗಳು ಖಂಡಿತ ಇವೆ.

ಇನ್ನು ಅತ್ತಿಗೆಯವರ ಪ್ರಶ್ನೆ. ತಾತನನ್ನು ಯಾರು ನೋಡುವುದು? ಅಣ್ಣನ ಮಗ್ಗುಲಿನ ಯಂತ್ರಕ್ಕೆ ತನ್ನದೇ ಒಂದು ಚರಿತ್ರೆಯುಂಟು. ಅವನು ಮಲಗಿ ತೂಕಡಿಸುತ್ತಿದ್ದಾಗ ನಾನು ಅದನ್ನು ಓದಿಕೊಂಡೆ. ಓದುತ್ತ ಹೋದಂತೆ ಅತ್ತಿಗೆಯವರ ಪ್ರಶ್ನೆ ಅಲ್ಲೆಲ್ಲ ತಲೆಹಾಕುತ್ತಿತ್ತು.

ರೋಗಿಯನ್ನು ಉಳಿಸಿದ ಮೊದಲ ಕೃತಕ ಮೂತ್ರಪಿಂಡವನ್ನು ಮಾಡಿದವರು ಹಾಲೆಂಡಿನ ವೈದ್ಯ ವಿಲ್ಲೆಮ್ ಕೋಲ್ಫ್. ೧೯೩೮ರಲ್ಲಿ, ಇನ್ನೂ ತರುಣ ವೈದ್ಯರಾಗಿದ್ದಾಗ, ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ ಮೂತ್ರಪಿಂಡ ಕೆಟ್ಟು ತಮ್ಮ ಕಣ್ಣೆದುರೇ ಸಾಯುವುದನ್ನು ಕಂಡರು. ದಿನಕ್ಕೆ ಇಷ್ಟು ವಿಷವನ್ನು ರಕ್ತದಿಂದ ತೆಗೆಯಲು ಬಂದಿದ್ದರೆ ಅವನು ಬದುಕುತ್ತಿದ್ದನಲ್ಲ ಎಂಬುದು ಅವರ ಯೋಚನೆ. ಜರ್ಮನರು ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ, ಕಾಂಪನ್ ಎಂಬ ಸಣ್ಣ ಊರಿನಲ್ಲಿ, ಸಾಸೇಜು ತುಂಬಲು ಬಳಸುವ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಊರಿನ ಎನಾಮೆಲ್ ಕಾರ್ಖಾನೆಯ ನೆರವು ಪಡೆದು ಅವರು ಯಂತ್ರ ಕಟ್ಟಿದರು. ೧೯೪೩ರಿಂದ ಅದರ ಮೇಲೆ ಮಲಗಿದ ರೋಗಿಗಳಲ್ಲಿ ಹೆಚ್ಚುಕಡಮೆ ಎಲ್ಲರೂ ತೀರಿಕೊಂಡರು. ಯಂತ್ರದಿಂದಲೇ ಬದುಕಿದಳೆಂದು ಖಚಿತವಾಗಿ ಹೇಳಬಹುದಾದ ಮೊದಲನೆಯವಳು ೧೯೪೫ರ ಸೆಪ್ಟೆಂಬರಿನಲ್ಲಿ ಬಂದ ಅರುವತ್ತೇಳು ವರ್ಷದ ಒಬ್ಬ ಹೆಂಗಸು. ನಾಜಿಗಳೊಡನೆ ಕೈಜೋಡಿಸಿದಳೆಂದು ಯುದ್ಧ ಮುಗಿದ ಮೇಲೆ ಬಂಧನದಲ್ಲಿಟ್ಟಿದ್ದವಳು. ಅವಳು ಉಳಿಯಲೆಂದು ಊರಿನಲ್ಲಿ ಹರಕೆ ಹೊತ್ತವರು ಯಾರೂ ಇದ್ದಿರಲಾರರು. ಕೋಲ್ಫ್ ಅವಳನ್ನು ಯಂತ್ರಕ್ಕೆ ಜೋಡಿಸಿದರು. ಅವಳು ಕಣ್ಣು ತೆರೆದಳು. ಇನ್ನೂ ಏಳು ವರ್ಷ ಬದುಕಿದಳು.

ಈ ಪ್ರಸಂಗವನ್ನು ಓದಿದಾಗ ನನಗೆ ಸಮಾಧಾನವಾಯಿತು. ವೈದ್ಯನಿಗೆ ಮುಂದಿರುವ ರೋಗಿಯೊಬ್ಬಳೇ ಮುಖ್ಯ, ಯಂತ್ರಕ್ಕೆ ಅದೂ ಬೇಡ; ಸೆಲೊಫೇನಿನ ಚರ್ಮ ನಾಜಿಯ ರಕ್ತವನ್ನೂ ದೇಶಭಕ್ತನ ರಕ್ತವನ್ನೂ ಒಂದೇ ರೀತಿ ಸೋಸುತ್ತದೆಯೆಂದುಕೊಂಡೆ. ಮುಂದಿನ ಅಧ್ಯಾಯ ಅಷ್ಟು ಸುಲಭವಾಗಿರಲಿಲ್ಲ.

ಕೋಲ್ಫ್ ಯಂತ್ರಕ್ಕೆ ಒಂದು ದೊಡ್ಡ ಮಿತಿಯಿತ್ತು. ಪ್ರತಿ ಸಲವೂ ಧಮನಿಯನ್ನು ಹೊಸದಾಗಿ ಕೊಯ್ದು ಕೊಳವೆ ಹಾಕಬೇಕು. ಕೆಲವೇ ಸಲಕ್ಕೆ ಕೊಯ್ಯಲು ಜಾಗ ಮುಗಿದುಹೋಗುತ್ತಿತ್ತು. ಮೂತ್ರಪಿಂಡ ಶಾಶ್ವತವಾಗಿ ಹೋದವರಿಗೆ, ಅಂದರೆ ನಮ್ಮಣ್ಣನಂಥವರಿಗೆ, ಅದು ನಿಷ್ಪ್ರಯೋಜಕ. ೧೯೬೦ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಅದಕ್ಕೊಂದು ಉಪಾಯ ಹೂಡಿದರು: ಒಂದು ಸಲ ಕೊಳವೆಗಳನ್ನು ಹಾಕಿ, ಎರಡನ್ನೂ ಕೈಯ ಹೊರಗೆ ಲಾಳದಾಕಾರದ ತುಂಡಿನಿಂದ ಕೂಡಿಸಿ, ರಕ್ತ ಹರಿಯುತ್ತಲೇ ಇರುವಂತೆ ಬಿಟ್ಟರಾಯಿತು. ರಕ್ತ ಅಂಟದ ಟೆಫ್ಲಾನ್ ಎಂಬ ವಸ್ತುವನ್ನು ಬಗ್ಗಿಸಿ ಆ ತುಂಡನ್ನು ಮಾಡಿಕೊಟ್ಟವರು ಅಲ್ಲಿನ ಯೂನಿವರ್ಸಿಟಿಯ ಎಂಜಿನಿಯರ್ ವೇಯ್ನ್ ಕ್ವಿಂಟನ್. ಆ ವರ್ಷದ ಮಾರ್ಚಿಯಲ್ಲಿ ಅದನ್ನು ಧರಿಸಿದ ಮೊದಲನೆಯವನು ಬೋಯಿಂಗ್ ಕಾರ್ಖಾನೆಯ ಒಬ್ಬ ಕೆಲಸಗಾರ. ಅವನು ಹನ್ನೊಂದು ವರ್ಷ ಬದುಕಿದ.

ಗೇಣುದ್ದವೂ ಇಲ್ಲದ ಒಂದು ಕೊಳವೆ. ಅದು ಬರುವವರೆಗೆ ಈ ರೋಗದವರೆಲ್ಲರೂ ಸಾಯುತ್ತಿದ್ದರು. ಯಾರೂ ಯಾರನ್ನೂ ಆರಿಸಬೇಕಾಗಿರಲಿಲ್ಲ. ಅದು ಬಂದ ಮರುದಿನದಿಂದ ಕೆಲವರು ಬದುಕಬಹುದಾಯಿತು. ೧೯೬೨ರ ಆರಂಭದಲ್ಲಿ ಸಿಯಾಟಲಿನ ಕೃತಕ ಮೂತ್ರಪಿಂಡ ಕೇಂದ್ರ ತೆರೆಯಿತು. ಅಲ್ಲಿದ್ದ ಹಾಸಿಗೆಗಳು ಮೂರು.

ವೈದ್ಯರು ಮೊದಲು ದೇಹಸ್ಥಿತಿ ನೋಡಿ ಒಂದು ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿಯಿಂದ ಆರಿಸುವ ಕೆಲಸವನ್ನು ಏಳು ಜನರ ಒಂದು ಸಮಿತಿಗೆ ಒಪ್ಪಿಸಲಾಗಿತ್ತು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವರು, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ. ಅವರ ಹೆಸರುಗಳು ಗುಟ್ಟಾಗಿದ್ದವು. ಸಂಬಳವಿಲ್ಲ. ಮಕ್ಕಳನ್ನೂ ನಲವತ್ತೈದು ದಾಟಿದವರನ್ನೂ ಆರಂಭದಲ್ಲೇ ಬಿಟ್ಟುಬಿಡುವುದೆಂದಾಯಿತು. ಉಳಿದವರ ವಯಸ್ಸು, ಮದುವೆ, ಅವಲಂಬಿಸಿದವರ ಸಂಖ್ಯೆ, ವರಮಾನ, ಆಸ್ತಿ, ವಿದ್ಯೆ, ಉದ್ಯೋಗ, ಹಿಂದೆ ಮಾಡಿದ್ದು, ಮುಂದೆ ಮಾಡಬಹುದಾದದ್ದು, ಎಲ್ಲವನ್ನೂ ಮುಂದಿಟ್ಟುಕೊಂಡು ಏಳು ಜನ ಕುಳಿತು ಚರ್ಚಿಸುತ್ತಿದ್ದರು. ಆ ವರ್ಷದ ನವೆಂಬರಿನಲ್ಲಿ 'ಲೈಫ್' ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಈ ಸಮಿತಿಯ ವಿಷಯ ಬರೆದಾಗ ಅಮೆರಿಕ ಬೆಚ್ಚಿಬಿದ್ದಿತು. ನಮ್ಮಣ್ಣನ ವಯಸ್ಸಿಗೆ ಅಲ್ಲಿ ಅರ್ಜಿಯನ್ನೇ ಮುಟ್ಟುತ್ತಿರಲಿಲ್ಲ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಆ ಸಮಿತಿಯ ಕಥೆಯನ್ನು ಓದುತ್ತಿದ್ದಂತೆ, ಅರಿವಿಲ್ಲದೆಯೇ ನಾನೂ ಆರಿಸತೊಡಗಿದ್ದೆ. ಆರು ಮಕ್ಕಳ ತಂದೆಗೆ ಕೊಡಬಾರದೆ? ಒಂಟಿ ಮನುಷ್ಯನಿಗೆ ಯಾರು ಅಳುತ್ತಾರೆ? ಮನಸ್ಸು ಎಷ್ಟು ಸರಾಗವಾಗಿ ನ್ಯಾಯಾಧೀಶನಾಗುತ್ತದೆ! ಕೆಲವು ವರ್ಷಗಳ ಮೇಲೆ ಇಬ್ಬರು ಟೀಕಾಕಾರರು, ಮೂತ್ರಪಿಂಡ ಕೆಟ್ಟ ಥೋರೋ ಒಬ್ಬನಿಗೆ ಆ ಊರು ತಕ್ಕ ಜಾಗವಲ್ಲವೆಂಬ ಅರ್ಥದ ಮಾತು ಬರೆದರು. ನನಗೆ ನೆನಪಾದವನು ನಮ್ಮ ಸರ್ವಜ್ಞ. ಮನೆಯಿಲ್ಲ, ಮಡದಿಯಿಲ್ಲ, ಊರೂರು ಅಲೆತ, ಮುಲಾಜಿಲ್ಲದ ನಾಲಿಗೆ. ಆ ಏಳು ಜನರ ಮುಂದೆ ಅವನ ಅರ್ಜಿ ಎಷ್ಟು ನಿಮಿಷ ನಿಲ್ಲುತ್ತಿತ್ತು?

ಹಾಗಾದರೆ ತಪ್ಪು ಆ ಏಳು ಜನರದೆ? ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಚೀಟಿ ಎತ್ತಿಸಿದ್ದರೂ ಹಾಸಿಗೆ ಮೂರೇ. ಅವರು ಕೊನೆಯಪಕ್ಷ ಒಂದು ಮೇಜಿನ ಸುತ್ತ ಕೂರಬೇಕಾಗಿತ್ತು, ಹೆಸರುಗಳನ್ನು ಓದಬೇಕಾಗಿತ್ತು, ಮನೆಗೆ ಹೋಗಿ ಉಣ್ಣಬೇಕಾಗಿತ್ತು. ಮೂರು ಎಂಬ ಅಂಕಿಯನ್ನು ನಿರ್ಧರಿಸಿದವರು ಯಾರು? ಹಣ ಕೊಟ್ಟವರು, ಕೊಡದವರು, ಇದು ಒಂದು ಉತ್ತರ. ಆದರೆ ಯಂತ್ರವು ಅಷ್ಟು ದೊಡ್ಡದಾಗಿದ್ದದ್ದು, ಅದನ್ನು ಕಾಯಲು ದಾದಿಯರು ಪಕ್ಕದಲ್ಲೇ ಇರಬೇಕಾದದ್ದು, ಆಸ್ಪತ್ರೆಯಿಂದಾಚೆಗೆ ಅದನ್ನು ಒಯ್ಯಲಾಗದಿದ್ದದ್ದು, ಇವೆಲ್ಲ ಯಾರೂ ಮತ ಹಾಕಿ ತೀರ್ಮಾನಿಸಿದ ಸಂಗತಿಗಳಲ್ಲ. ಅವು ನಕ್ಷೆಯಲ್ಲಿದ್ದವು.

ಇದು ಊಹೆಯಲ್ಲವೆಂಬುದಕ್ಕೆ ಮುಂದೆ ನಡೆದದ್ದೇ ಸಾಕ್ಷಿ. ಅದೇ ಯೂನಿವರ್ಸಿಟಿಯಲ್ಲಿ ಆಲ್ಬರ್ಟ್ ಬ್ಯಾಬ್ ಎಂಬ ಪ್ರಾಧ್ಯಾಪಕರಿದ್ದರು. ಅವರದು ಪರಮಾಣು ಎಂಜಿನಿಯರಿಂಗ್. ಹಲವು ರೋಗಿಗಳಿಗೆ ಒಟ್ಟಿಗೆ ದ್ರಾವಣ ಒದಗಿಸುವ ಯಂತ್ರಕ್ಕಾಗಿ ಸ್ಕ್ರಿಬ್ನರ್ ಅವರ ನೆರವು ಕೇಳಿದ್ದರು. ಅಷ್ಟರಲ್ಲಿ ಬ್ಯಾಬ್ ಅವರ ಸ್ನೇಹಿತರೊಬ್ಬರ ಮಗಳಿಗೆ, ಹೈಸ್ಕೂಲಿನಲ್ಲಿ ಓದುತ್ತಿದ್ದ ಹುಡುಗಿಗೆ, ಮೂತ್ರಪಿಂಡ ಹೋಯಿತು. ಸಮಿತಿ ಅವಳನ್ನು ತೆಗೆದುಕೊಳ್ಳಲಿಲ್ಲ. ಅವಳು ಇನ್ನೂ ಚಿಕ್ಕವಳು, ನಿಯಮ ನಿಯಮವೇ. ಬ್ಯಾಬ್ ಮತ್ತು ಅವರ ಸಂಗಡಿಗರು ಹಗಲಿರುಳು ಕುಳಿತು, ಸುಮಾರು ನಾಲ್ಕು ತಿಂಗಳಲ್ಲಿ, ಮನೆಯಲ್ಲೇ ಇಟ್ಟುಕೊಳ್ಳಬಹುದಾದ ಯಂತ್ರವೊಂದನ್ನು ಕಟ್ಟಿದರು. ೧೯೬೪ರಲ್ಲಿ ಅದು ಆ ಹುಡುಗಿಯ ಮನೆ ಸೇರಿತು. ರಾತ್ರಿ ಅವಳು ಮಲಗಿದಾಗ ಅದು ಕೆಲಸ ಮಾಡಬೇಕು. ಪಕ್ಕದಲ್ಲಿ ವೈದ್ಯನಿಲ್ಲ, ದಾದಿಯಿಲ್ಲ. ಆದ್ದರಿಂದ ನೀರಿನ ಬಿಸಿ, ದ್ರಾವಣದ ಹದ ಮೊದಲಾದುವನ್ನು ಯಂತ್ರ ತಾನೇ ಗಮನಿಸಬೇಕು, ಹದ ತಪ್ಪಿದರೆ ತಾನೇ ನಿಂತು ಕೂಗಬೇಕು. ಪರಮಾಣು ಸ್ಥಾವರದಲ್ಲಿ ಕೆಟ್ಟರೂ ಕೇಡಾಗದಂತೆ ಕಟ್ಟುವ ವಿದ್ಯೆ ಅವರಿಗೆ ಗೊತ್ತಿತ್ತಲ್ಲ. ಆ ಹುಡುಗಿ ಇನ್ನೂ ಕೆಲವು ವರ್ಷ ಬದುಕಿದಳು. ನಮ್ಮಣ್ಣನ ಪಕ್ಕದಲ್ಲಿ ನಿಂತು ತನ್ನ ದ್ರಾವಣವನ್ನು ತಾನೇ ಬೆರೆಸಿಕೊಳ್ಳುವ ಯಂತ್ರ ಅದೇ ವಂಶದ್ದು.

ನಾಲ್ಕು ತಿಂಗಳು! ಏಳು ಜನರು ಎದೆ ಭಾರ ಮಾಡಿಕೊಂಡು ಕುಳಿತಿದ್ದ ಅದೇ ಊರಿನಲ್ಲಿ, ಬೇರೊಂದು ಯಂತ್ರ ನಾಲ್ಕು ತಿಂಗಳ ದೂರದಲ್ಲಿತ್ತು. ಸಮಿತಿಯ ವಕೀಲರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ; ಪಾದ್ರಿಗಳಿಗೂ ಇರಲಿಲ್ಲ. ಗೊತ್ತಿರಬಹುದಾಗಿದ್ದವನು ಎಂಜಿನಿಯರ್ ಒಬ್ಬನೇ. ಸಾಮಾನ್ಯವಾಗಿ ನಾವು ಹೇಳುವುದುಂಟು: ಮಾಡಿಕೊಡುವುದಷ್ಟೆ ಮಾಡುವವನ ಕೆಲಸ, ಯಾರಿಗೆ ಕೊಡಬೇಕೆಂಬುದು ಬೇರೆಯವರ ತಲೆನೋವು; ಬೆಲೆ ಕಟ್ಟುವುದು ಕಂಪೆನಿ, ಹಾಸಿಗೆ ಹಾಕುವುದು ಸರ್ಕಾರ. ಈ ಮಾತಿನಲ್ಲಿ ಸತ್ಯವಿದೆ. ಲೋಕದ ಭಾರವನ್ನೆಲ್ಲ ಇಪ್ಪತ್ತೆರಡು ವರ್ಷದ ಪದವೀಧರೆಯ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಇರುವ ವಸ್ತು ಬೇರೆ ರೀತಿಯಲ್ಲೂ ಇರಬಹುದಿತ್ತೆಂದು ಬಲ್ಲವರು ಅವಳು, ಅವಳಂಥವರು ಮಾತ್ರ. ಉಳಿದ ನಾವೆಲ್ಲ ಇದ್ದದ್ದನ್ನು ಇದ್ದಂತೆ ಒಪ್ಪಿಕೊಂಡು, ಅದರೊಳಗೆ ನ್ಯಾಯ ಹುಡುಕುತ್ತೇವೆ. ತಿಳಿವಳಿಕೆಯೊಡನೆ ಋಣವೂ ಬರುತ್ತದೆಂದು ಹಿರಿಯರು ಹೇಳುವುದಾದರೆ, ಇಲ್ಲಿ ಬರುವ ಋಣ ಈ ಬಗೆಯದು.

ಇಲ್ಲೊಂದು ಮುಳ್ಳಿದೆ, ಅದನ್ನು ದಾಟಿ ಹೋಗಲಾರೆ. ಬ್ಯಾಬ್ ಆ ಹುಡುಗಿಯನ್ನು ಬಲ್ಲವರು, ಅವಳ ತಂದೆಯ ಸ್ನೇಹಿತರು. ಸಮಿತಿ ಕೈಬಿಟ್ಟ ಇತರರಿಗೆ ಪ್ರಾಧ್ಯಾಪಕ ಸ್ನೇಹಿತರಿರಲಿಲ್ಲ. ಇದು ಪಕ್ಷಪಾತವಲ್ಲವೆ? ಆಗಲೇ ಹೇಳಿದಂತೆ ಫಂಗ್ ಅವರನ್ನು ತಿರುಗಿಸಿದ್ದು ತಾಯಿಯ ಕಣ್ಣು. ಕೋಲ್ಫ್ ಅವರನ್ನು ಕಾಡಿದ್ದು ಕಣ್ಣೆದುರು ಸತ್ತ ಹುಡುಗ. ನಮ್ಮ ಮನೆಯ ಹುಡುಗಿಗೂ ತಾತನ ಕೈಯ ಮೇಲೆಯೇ ಕಣ್ಣು. ಸಮಸ್ತ ಮನುಷ್ಯಕುಲದ ಮೇಲಣ ಪ್ರೀತಿಯಿಂದ ಯಾರಾದರೂ ನಾಲ್ಕು ತಿಂಗಳು ನಿದ್ದೆಗೆಟ್ಟದ್ದುಂಟೆ? ಇರಬಹುದು, ನಾನು ಕೇಳಿಲ್ಲ. ತನ್ನವರೊಬ್ಬರಿಗಾಗಿ ಹಣ ಕೊಟ್ಟರೆ ಅದು ಅವರಲ್ಲೇ ಮುಗಿಯುತ್ತದೆ. ತನ್ನವರೊಬ್ಬರಿಗಾಗಿ ಕಟ್ಟಿದ ಯಂತ್ರದ ನಕ್ಷೆ ಮಾತ್ರ ಅವರಲ್ಲಿ ನಿಲ್ಲುವುದಿಲ್ಲ. ಹೆಸರು ಗೊತ್ತಿಲ್ಲದ ಮನೆಗಳಿಗೆ ಹೋಗುತ್ತದೆ. ಪಕ್ಷಪಾತವೆಂಬ ದೋಷ ಇದರಿಂದ ತೊಳೆದುಹೋಯಿತೆ? ಕೈಬಿಡಲ್ಪಟ್ಟ ಮತ್ತೊಬ್ಬ ಹುಡುಗಿಯ ತಾಯಿಯನ್ನು ಕೇಳಿದ್ದರೆ ಅವಳೇನು ಹೇಳುತ್ತಿದ್ದಳೋ.

ಅಮೆರಿಕದಲ್ಲಿ ಆ ಸಮಿತಿಗಳ ಅಗತ್ಯ ತಪ್ಪಿದ್ದು ೧೯೭೨ರಲ್ಲಿ, ಡಯಾಲಿಸಿಸ್ ವೆಚ್ಚವನ್ನು ಸರ್ಕಾರವೇ ಭರಿಸುವ ಕಾನೂನು ಬಂದಾಗ. ನಮ್ಮಲ್ಲಿ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮ ೨೦೧೬ರಲ್ಲಿ ಆರಂಭವಾಯಿತು. ಸಿಯಾಟಲಿನ ಯೂನಿವರ್ಸಿಟಿಯಲ್ಲಿ ಬಯೋಎಂಜಿನಿಯರಿಂಗ್ ಕೇಂದ್ರ ಹುಟ್ಟಿದ್ದು ೧೯೬೭ರಲ್ಲಿ, ಈ ಗಲಾಟೆಯ ನಡುವೆಯೇ. ಬೆಂಗಳೂರಿನ ಕಾಲೇಜುಗಳಲ್ಲಿ ಬಯೋಮೆಡಿಕಲ್ ಎಂದೂ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂದೂ ಹೆಸರಿಟ್ಟುಕೊಂಡ ಪದವಿಗಳು ಅದೇ ಸಂತತಿಗೆ ಸೇರಿದವು.

ಸಮಿತಿ ಹೋಯಿತೆಂದರೆ ಆಯ್ಕೆ ಹೋಯಿತೆಂದಲ್ಲ. ೨೦೨೧ರ ಬೇಸಗೆಯನ್ನು ಯಾರೂ ಮರೆತಿರಲಾರರು. ಬೆರಳಿಗೆ ಸಿಕ್ಕಿಸುವ ಆ ಚಿಕ್ಕ ಆಕ್ಸಿಮೀಟರು ಆಗ ಮನೆಮನೆಯ ದೇವರಾಗಿತ್ತು. ತೊಂಬತ್ತೈದು ಎಂದು ತೋರಿಸಿದರೆ ಮನೆಯಲ್ಲೇ ಇರುವುದು, ತೊಂಬತ್ತಕ್ಕೆ ಇಳಿದರೆ ಆಸ್ಪತ್ರೆಗೆ ಓಡುವುದು. ಅದು ಬೆರಳಿನ ಮೂಲಕ ಎರಡು ಬಗೆಯ ಬೆಳಕನ್ನು ಹಾಯಿಸಿ, ರಕ್ತದಲ್ಲಿ ಎಷ್ಟು ಆಮ್ಲಜನಕವಿದೆಯೆಂದು ಲೆಕ್ಕ ಹಾಕುವ ಉಪಕರಣ. ೨೦೨೦ರ ಕೊನೆಯಲ್ಲಿ ಅಮೆರಿಕದ ಸಾವಿರಾರು ರೋಗಿಗಳ ದಾಖಲೆಗಳನ್ನು ಪರಿಶ್ರಮದಿಂದ ಹೋಲಿಸಿ ನೋಡಿದ ವೈದ್ಯರು ಒಂದು ಸಂಗತಿ ಪ್ರಕಟಿಸಿದರು: ಉಪಕರಣ ಕ್ಷೇಮವೆಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಅಪಾಯಕರವಾಗಿ ಇಳಿದಿರುವ ಪ್ರಸಂಗಗಳು ಬಿಳಿಯರಲ್ಲಿ ಇದ್ದುದಕ್ಕಿಂತ ಕರಿಯ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತದೆ. ಉಪಕರಣವನ್ನು ಹದಮಾಡುವಾಗ ಬೆರಳು ಕೊಟ್ಟವರಲ್ಲಿ ತಿಳಿಬಣ್ಣದವರೇ ಹೆಚ್ಚಾಗಿದ್ದರು. ಯಾರೂ ದ್ವೇಷದಿಂದ ಮಾಡಿದ್ದಲ್ಲ. ಯಾರ ಅರ್ಜಿಯನ್ನೂ ಯಾರೂ ತಿರಸ್ಕರಿಸಲಿಲ್ಲ. ಪ್ರಯೋಗಶಾಲೆಯಲ್ಲಿ ಒಂದು ಮಧ್ಯಾಹ್ನ ಕೈಗೆ ಸಿಕ್ಕ ಬೆರಳುಗಳನ್ನು ಅಳೆದರು, ಅಷ್ಟೆ. ಸಿಯಾಟಲಿನ ಏಳು ಜನಕ್ಕೆ ತಾವು ಆರಿಸುತ್ತಿದ್ದೇವೆಂಬುದಾದರೂ ತಿಳಿದಿತ್ತು.

ಈ ಮಾತಿಗೆ ಇನ್ನೊಂದು ಮುಖವನ್ನೂ ಹೇಳಬೇಕು. ಅದು ನಮಗೆ ಹತ್ತಿರದ್ದು. ಬಾಲ್ಯದಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಡುವುದು ಹೆಚ್ಚಾಗಿ ಬಡವರ ಮನೆಯ ಬೇನೆ. ಹೊರದೇಶದ ಕೃತಕ ಕವಾಟದ ಬೆಲೆ ಆ ಮನೆಗಳಿಗೆ ನಿಲುಕುತ್ತಿರಲಿಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಎಂ. ಎಸ್. ವಲಿಯತ್ತಾನ್ ಮತ್ತು ಅವರ ಎಂಜಿನಿಯರುಗಳು ಸ್ವದೇಶಿ ಕವಾಟಕ್ಕೆ ಕೈಹಾಕಿದಾಗ, ಬೆಲೆಯೆಂಬುದು ವ್ಯಾಸದಂತೆ, ದಪ್ಪದಂತೆ, ನಕ್ಷೆಯಲ್ಲೇ ಇರಬೇಕಾದ ಒಂದು ಅಳತೆಯಾಗಿತ್ತು. ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಪ್ಲಾಸ್ಟಿಕ್ಕಿನ ಬಿಲ್ಲೆಯಿದ್ದ ನಾಲ್ಕನೆಯದು ಗೆದ್ದಿತು. ೧೯೯೦ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯದಲ್ಲಿ ಕುಳಿತಿತು. ವಲಿಯತ್ತಾನ್ ಅನಂತರ ಮಣಿಪಾಲಕ್ಕೆ ಉಪಕುಲಪತಿಯಾಗಿ ಬಂದು, ೨೦೨೪ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ನೆಲೆಸಿದ್ದರು. ಅವರು ಶಸ್ತ್ರವೈದ್ಯರು, ರೋಗಿಗಳ ಮುಖ ಕಂಡವರು. ಅವರ ಜತೆಗೆ ಕುಳಿತ ಎಂಜಿನಿಯರುಗಳಿಗೆ ಅವರ ಕಣ್ಣು ದೊರೆಯಿತು.

ಆದರೆ ಎಲ್ಲ ಎಂಜಿನಿಯರಿಗೂ ಪಕ್ಕದ ಕುರ್ಚಿಯಲ್ಲಿ ವಲಿಯತ್ತಾನ್ ಇರುವುದಿಲ್ಲ. ನಾಲ್ಕು ವರ್ಷದ ಪದವಿಯಲ್ಲಿ ಈ ಕಣ್ಣನ್ನು ಎಲ್ಲಿಂದ ತರುವುದು? ನೀತಿಶಾಸ್ತ್ರವೆಂದು ಒಂದು ಪುಟ್ಟ ಪಠ್ಯವಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮುಗಿಸುತ್ತಾರೆ. ಕೆಲವು ಕಡೆ ವಿದ್ಯಾರ್ಥಿಗಳನ್ನು ಆಸ್ಪತ್ರೆಗೆ ಕಳುಹಿಸಿ, ಕೈಕಟ್ಟಿ ಸುಮ್ಮನೆ ನೋಡುತ್ತ ನಿಲ್ಲಿಸುವ ಕ್ರಮವಿದೆಯಂತೆ. ಮೊದಲು ಕಡೆಯ ವರ್ಷಕ್ಕಿಟ್ಟ ಈ ಪಾಠವನ್ನು ಮೊದಲ ವಾರಕ್ಕೇ ತರಬಾರದೇಕೆ ಎಂದು ನಾನು ನಮ್ಮ ನಿವೃತ್ತ ಪ್ರಾಧ್ಯಾಪಕರನ್ನು ಕೇಳಿದೆ. "ಏನೂ ಗೊತ್ತಿಲ್ಲದವರು ಏನನ್ನು ನೋಡುತ್ತಾರಯ್ಯಾ?" ಎಂದರು. ಅವರು ಹೇಳಿದ್ದರಲ್ಲೂ ಹುರುಳಿದೆ. ಎಲ್ಲ ಗೊತ್ತಾದ ಮೇಲೆ ಏನನ್ನು ನೋಡಲಾರರು ಎಂಬುದೂ ಯೋಚಿಸತಕ್ಕದ್ದೇ.

ಕಳೆದ ಶನಿವಾರ ಹುಡುಗಿ ತಾನೇ ಹೊರಟು ನಿಂತಳು. "ಚಿಕ್ಕತಾತ, ಇವತ್ತು ನಾನೂ ಬರುತ್ತೇನೆ" ಎಂದಳು. ನಾಲ್ಕು ಗಂಟೆಯೂ ಅಲ್ಲೇ ಇದ್ದಳು. ಟೆಕ್ನೀಷಿಯನ್ನನ್ನು ಬಿಡದೆ ಕಾಡಿದಳು: ಕೊಳವೆಯಲ್ಲಿ ಗಾಳಿ ಬಂದರೂ ಅದೇ ಕೂಗು, ಚೀಲ ಖಾಲಿಯಾದರೂ ಅದೇ ಕೂಗು, ಮಲಗಿದವರಿಗೆ ಯಾವುದು ಅಪಾಯ, ಯಾವುದಲ್ಲವೆಂದು ಹೇಗೆ ತಿಳಿಯಬೇಕು? ಅವನು ನಕ್ಕು, "ಮಲಗಿದವರಿಗೆ ಯಾಕಮ್ಮ ತಿಳಿಯಬೇಕು?" ಎಂದ. ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಲೆಕ್ಕ ಹಾಕಿ ನನಗೆ ತೋರಿಸಿದಳು: ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಗೆ ೧೨೦ ಲೀಟರು ದ್ರಾವಣ ಆ ಸಣ್ಣ ಕೊಳವಿಯ ಮೂಲಕ ಹರಿದುಹೋಗುತ್ತದೆ.

ಅಣ್ಣನ ಎಡಗಡೆಯ ಹಾಸಿಗೆಯಲ್ಲಿ ಹೊಸಕೋಟೆಯ ಕಡೆಯ ಒಬ್ಬ ರೈತರು. ವಾರಕ್ಕೆ ಮೂರು ಸಲ ಮೊದಲ ಬಸ್ಸಿಗೇ ಬರುತ್ತಾರೆ. ಹುಡುಗಿ ಅವರ ಬಳಿ ಹೋಗಿ, ತಾನು ಇಂಥ ಯಂತ್ರ ಮಾಡುವ ಓದಿಗೆ ಸೇರುತ್ತಿರುವುದಾಗಿ ಹೇಳಿ, "ಇದರಲ್ಲಿ ನಿಮಗೆ ಎಲ್ಲಕ್ಕಿಂತ ಕಷ್ಟ ಯಾವುದು ತಾತ?" ಎಂದು ಕೇಳಿದಳು. ಸೂಜಿ ಎನ್ನುತ್ತಾರೆಂದು ನಾನಂದುಕೊಂಡೆ. ಇಲ್ಲವೆ ಬಸ್ಸು, ಇಲ್ಲವೆ ಖರ್ಚು.

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಮಿಷಿನ್ನಿನ ಇಸ್ಯ ನಂಗೇನು ಗೊತ್ತಮ್ಮಾ" ಎಂದರು. "ದಿನಕ್ಕೆ ಒಂದು ಲೀಟರ್ ಮೇಲೆ ನೀರು ಕುಡಿಯಂಗಿಲ್ಲ ಅಂತಾರೆ. ಬಿಸಿಲಾಗೆ ಹೊಲದಿಂದ ಬಂದ್ರೆ ನಾಲಿಗೆ ಒಣಗೋಯ್ತದೆ. ಮನೇಲಿ ಎಲ್ರೂ ಮಲಗಿದ ಮ್ಯಾಲೆ ಎದ್ದೋಗಿ ಕೊಡ ಮುಟ್ಟಿ ನೋಡ್ತೀನಿ. ಅದಕ್ಕೇನಾನ ಮಾಡಕ್ಕಾಯ್ತದಾ, ತಾಯಿ?"

ಹುಡುಗಿ ಪುಸ್ತಕ ತೆರೆದಳು. ಎಲ್ಲಿ ಬರೆಯಬೇಕೆಂದು ಹುಡುಕುವಂತೆ ಒಂದೆರಡು ಹಾಳೆ ಮಗುಚಿ, ಅವರ ಹೆಸರು ಕೇಳಿದಳು.